ನೋಡೋಕೆ ಚೆನ್ನಾಗೇ ಇದ್ದ: ತಮ್ಮನ ತಲೆಗೆ ಪೆಟ್ಟಾದ ಮೇಲಿನ ಎರಡು ವರ್ಷ

ಹೋದ ತಿಂಗಳು ನಮ್ಮ ತಾಲ್ಲೂಕು ಕೋರ್ಟಿನಲ್ಲಿ ತಮ್ಮನ ಅಪಘಾತದ ಕೇಸು ಮುಗಿಯಿತು. 2023ರ ನವೆಂಬರ್‌ನಿಂದ ನಾವು ಓಡಾಡಿದ ಆಸ್ಪತ್ರೆ, ಪೊಲೀಸ್ ಠಾಣೆ, ಕಚೇರಿಗಳ ಕಾಗದ ಎಲ್ಲಾ ಸೇರಿ ಎರಡು ಚೀಲ ಆಗಿವೆ. ಅವನ್ನು ಅಟ್ಟಕ್ಕೆ ಹಾಕುವ ಮೊದಲು ಇದನ್ನು ಬರೆಯುತ್ತಿದ್ದೇನೆ. ಇವತ್ತು ರಾತ್ರಿಯೂ ಯಾರದೋ ಮನೆಗೆ ಇಂಥದ್ದೇ ಫೋನ್ ಬರುತ್ತದೆ. ಅವರಿಗೆ ನಮ್ಮಷ್ಟು ಕತ್ತಲಾಗಬಾರದು.

ನಮ್ಮದು ತೆಂಗಿನ ಸೀಮೆ, ಬೋರ್‌ವೆಲ್ ನಂಬಿಕೊಂಡ ಊರು. ತಮ್ಮ ಮೋಟಾರ್ ವೈಂಡಿಂಗ್ ಕೆಲಸದವನು. ಆಗ ಅವನಿಗೆ 29 ವರ್ಷ. ಮದುವೆಯಾಗಿ ಎರಡು ವರ್ಷ, ಏಳು ತಿಂಗಳ ಮಗಳು. ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರ್.

ಅವತ್ತು ಒಂದು ತೋಟದಲ್ಲಿ ಸುಟ್ಟುಹೋದ ಮೋಟಾರ್ ನೋಡಿಕೊಂಡು ಬೈಕಿನಲ್ಲಿ ಬರುತ್ತಿದ್ದ. ಸಂಜೆ ಏಳು ದಾಟಿತ್ತು. ರಸ್ತೆ ಬದಿ ಒಂದು ಟ್ರಾಕ್ಟರ್ ಟ್ರೈಲರ್ ನಿಂತಿತ್ತು. ಹಿಂದೆ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ. ಹೋಗಿ ಅದಕ್ಕೆ ಹೊಡೆದಿದ್ದಾನೆ. ಹೆಲ್ಮೆಟ್ ಪೆಟ್ರೋಲ್ ಟ್ಯಾಂಕ್ ಮೇಲೆ ಇತ್ತು, ತಲೆ ಮೇಲೆ ಇರಲಿಲ್ಲ. ದಾರಿಯಲ್ಲಿ ಬರುತ್ತಿದ್ದ ಇಬ್ಬರು ಹುಡುಗರು ಅವನನ್ನು ತಮ್ಮ ಬೈಕಿನ ಮಧ್ಯೆ ಕೂರಿಸಿಕೊಂಡು ಮನೆಗೆ ತಂದು ಬಿಟ್ಟರು. ಹೆಸರು ಕೇಳಿದರೆ ಹೇಳಲಿಲ್ಲ. "ಪೊಲೀಸು, ಸಾಕ್ಷಿ ಅಂತ ಆಮೇಲೆ ಕರೀತಾರೆ ಟೀಚರ್" ಅಂದು ಹೊರಟೇಬಿಟ್ಟರು. ಅವರ ಮೇಲೆ ನನಗೆ ಬೇಜಾರಿಲ್ಲ, ರಸ್ತೆಯಲ್ಲೇ ಬಿಟ್ಟು ಹೋಗಬಹುದಿತ್ತು. ಆದರೆ ಗಾಯಾಳುವಿಗೆ ನೆರವಾದವರು ಹೆಸರು ಹೇಳಲೇಬೇಕು ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ಕರ್ನಾಟಕದಲ್ಲಿ ಇದಕ್ಕೆ ಕಾನೂನೇ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ 134ಎ ಅಂತ ಒಂದು ಕಲಂ ಸೇರಿಸಿದ್ದಾರೆ. ಆ ಹುಡುಗರಿಗೆ ಇದು ಗೊತ್ತಿದ್ದರೆ ನೇರ ಆಸ್ಪತ್ರೆಗೇ ಹೋಗುತ್ತಿದ್ದರೇನೋ.

ತಮ್ಮ ನಡೆದುಕೊಂಡೇ ಒಳಗೆ ಬಂದ. ಮುಖ ತೊಳೆದ. "ಅಕ್ಕಾ, ಏನೂ ಆಗಿಲ್ಲ, ಸುಮ್ನೆ ಗಾಬರಿ ಆಗ್ಬೇಡ" ಅಂದ. ಹಣೆ ಮೇಲೆ ಸಣ್ಣ ಗಾಯ ಅಷ್ಟೆ. ಊರಿನ ಕ್ಲಿನಿಕ್‌ನಲ್ಲಿ ಎರಡು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ನೋವಿನ ಮಾತ್ರೆ. 150 ರೂಪಾಯಿ. ಚೀಟಿಯಲ್ಲಿ "ಬೈಕಿನಿಂದ ಬಿದ್ದು ಗಾಯ" ಅಂತ ಬರೆದುಕೊಟ್ಟರು. ಆ ಮೂರು ಪದ ಮುಂದೆ ನಮ್ಮನ್ನು ಎಷ್ಟು ಗೋಳಾಡಿಸಿದವು ಅಂತ ಆಮೇಲೆ ಹೇಳುತ್ತೇನೆ.

ಅರ್ಧ ಮುದ್ದೆ ತಿಂದ. ತಲೆನೋವು ಅಂದ. ಒಂದು ಸಲ ವಾಂತಿಯಾಯಿತು, ಅರ್ಧ ಗಂಟೆಗೆ ಇನ್ನೊಂದು ಸಲ. ಪಕ್ಕದ ಮನೆಯವರು ಪಿತ್ತ ಅಂದರು. ಅಮ್ಮ ಮಲಗಲಿ ಬಿಡು ಅಂದರು. ನನಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಅವನು "ಗಾಡಿ ಎಲ್ಲಿ?" ಅಂತ ಕೇಳಿದ್ದ. ಹೇಳಿದೆ. ಐದು ನಿಮಿಷಕ್ಕೆ ಮತ್ತೆ "ಗಾಡಿ ಎಲ್ಲಿ?" ಅಂದ. ಹೇಳಿದೆ. ಮೂರನೇ ಸಲವೂ ಅದೇ. ಹತ್ತು ಗಂಟೆಗೆ ಎಬ್ಬಿಸಲು ಹೋದರೆ ಏಳಲಿಲ್ಲ, ಮುಲುಗಿದ ಅಷ್ಟೆ. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟೆ. ಎಡಗಣ್ಣಿನ ಪಾಪೆ ಬಲಗಣ್ಣಿಗಿಂತ ದೊಡ್ಡದಾಗಿತ್ತು. ಆಗ 108ಕ್ಕೆ ಫೋನ್ ಮಾಡಿದೆ.

ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ತಲೆಗೆ ಪೆಟ್ಟಾದವರು ಎದ್ದು ನಡೆದಾಡಿದರೂ, ಮಾತಾಡಿದರೂ ಅಪಾಯ ಕಳೆದಿಲ್ಲ. ಬುರುಡೆಯ ಮೂಳೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತನಾಳ ಒಡೆದರೆ ರಕ್ತ ನಿಧಾನವಾಗಿ ತುಂಬುತ್ತದೆ. ತುಂಬುವವರೆಗೂ ಮನುಷ್ಯ ಸರಿಯಾಗೇ ಕಾಣುತ್ತಾನೆ. ಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಒತ್ತಡ ಎಲ್ಲಾ ಮೆದುಳಿನ ಮೇಲೇ ಬೀಳುತ್ತದೆ. ಒಂದಕ್ಕಿಂತ ಹೆಚ್ಚು ಸಲ ವಾಂತಿ, ಏರುತ್ತಲೇ ಹೋಗುವ ತಲೆನೋವು, ಕೇಳಿದ್ದನ್ನೇ ಕೇಳುವುದು, ಮಂಪರು, ಫಿಟ್ಸ್, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ, ಒಂದು ಕಡೆ ಕೈಕಾಲು ಸೋಲುವುದು: ಇದರಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬೇಡಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಒಬ್ಬರು ಅವನ ಹೆಸರು ಕೂಗಿದರು, ಎದೆಮೂಳೆ ಒತ್ತಿ ನೋಡಿದರು. "ಜಿಸಿಎಸ್ 9" ಅಂದರು. ಅದು ಎಚ್ಚರದ ಅಳತೆ. ಕಣ್ಣು ಬಿಡುವುದು, ಮಾತು, ಕೈಕಾಲು ಅಲುಗಿಸುವುದು, ಈ ಮೂರಕ್ಕೂ ಅಂಕ ಕೊಡುತ್ತಾರೆ. ಪೂರ್ತಿ ಎಚ್ಚರ ಇದ್ದರೆ 15, ಏನೂ ಇಲ್ಲದಿದ್ದರೆ 3. ಎಂಟು ಮತ್ತು ಅದಕ್ಕಿಂತ ಕೆಳಗೆ ಹೋದರೆ ತೀವ್ರ ಪೆಟ್ಟು. ಅಲ್ಲಿ ಸಿಟಿ ಸ್ಕ್ಯಾನ್ ಇರಲಿಲ್ಲ. ಡ್ರಿಪ್ ಹಾಕಿ, ಕುತ್ತಿಗೆಗೆ ಪಟ್ಟಿ ಕಟ್ಟಿ, ಮುಂದಕ್ಕೆ ಕಳಿಸಿದರು.

ಬೆಂಗಳೂರಿನ ನಂಟರೆಲ್ಲ ಫೋನಿನಲ್ಲಿ "ನೇರ ನಿಮ್ಹಾನ್ಸ್‌ಗೆ ಬನ್ನಿ" ಅಂತಿದ್ದರು. ನಮ್ಮ ಕಡೆ ತಲೆಗೆ ಪೆಟ್ಟು ಅಂದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಹೆಸರು ಅದೇ ಅಲ್ವಾ. ಡ್ಯೂಟಿ ಡಾಕ್ಟರ್ ಬೇಡ ಅಂದರು. "ನಾಲ್ಕೂವರೆ ಗಂಟೆ ದಾರಿ ಇದೆಯಮ್ಮ. ಅಲ್ಲಿವರೆಗೆ ಇವನು ತಡೆಯಲ್ಲ. ಹತ್ತಿರದಲ್ಲಿ ಯಾರು ಬುರುಡೆ ತೆಗೆದು ರಕ್ತ ತೆಗೀತಾರೋ ಅಲ್ಲಿಗೆ ಹೋಗಿ" ಅಂದರು. ಆ ಒಂದು ಮಾತು ನನ್ನ ತಮ್ಮನನ್ನು ಉಳಿಸಿತು.

ಆದರೂ ನಾವು ಒಂದು ತಪ್ಪು ಮಾಡಿದೆವು. ಮೊದಲು ಹೋದ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು, ಆದರೆ ಆ ರಾತ್ರಿ ನ್ಯೂರೋಸರ್ಜನ್ ಇರಲಿಲ್ಲ. ಅಲ್ಲೇ ಐವತ್ತು ನಿಮಿಷ ಹೋಯಿತು. ಹೊರಡುವ ಮುಂಚೆಯೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಬೇಕಿತ್ತು. ಸ್ಕ್ಯಾನ್ ಮಷಿನ್ ಈಗ ಓಡುತ್ತಿದೆಯಾ? ಮೆದುಳಿನ ಆಪರೇಷನ್ ಮಾಡುವ ಡಾಕ್ಟರ್ ಈ ರಾತ್ರಿ ಬರ್ತಾರಾ? ವೆಂಟಿಲೇಟರ್ ಇರುವ ಬೆಡ್ ಖಾಲಿ ಇದೆಯಾ? ಆಂಬುಲೆನ್ಸ್ ಸಿಬ್ಬಂದಿ ಹತ್ತಿರವೇ ಕೇಳಿಸಿ, ಅವರಿಗೆ ಗೊತ್ತಿರುತ್ತದೆ.

ಎರಡನೇ ಆಸ್ಪತ್ರೆ ಖಾಸಗಿ. ರಾತ್ರಿ ಎರಡೂವರೆಗೆ ಆಪರೇಷನ್ ಶುರುವಾಯಿತು. ಎಡಗಡೆ ರಕ್ತ ಹೆಪ್ಪುಗಟ್ಟಿತ್ತು, ಮೆದುಳಿನ ಮುಂಭಾಗಕ್ಕೂ ಪೆಟ್ಟು ಬಿದ್ದಿತ್ತು. ಅಂಗೈ ಅಗಲದ ಬುರುಡೆ ಮೂಳೆ ತೆಗೆದು, ಅದನ್ನು ಅವನ ಹೊಟ್ಟೆಯ ಚರ್ಮದ ಅಡಿಯಲ್ಲೇ ಇಟ್ಟು ಹೊಲಿದರು. ಊದಿಕೊಂಡ ಮೆದುಳಿಗೆ ಜಾಗ ಬೇಕು, ಮೂಳೆ ಕೆಡದೆ ಇರಲಿ ಅಂತ ಹೊಟ್ಟೆಯಲ್ಲಿ ಇಡುವುದು. ಇದನ್ನು ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ. ಹೊಟ್ಟೆ ಮೇಲೆ ಬ್ಯಾಂಡೇಜ್ ನೋಡಿ ಅಮ್ಮ ಕಿಡ್ನಿ ತೆಗೆದುಬಿಟ್ಟರು ಅಂತ ಕಿರುಚಿಕೊಂಡರು.

ಹನ್ನೊಂದು ದಿನ ಐಸಿಯು. ಆರನೇ ದಿನ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ಕೊಳವೆ ಹಾಕಿದರು. ದಿನಕ್ಕೆ ಎರಡು ಸಲ ಐದೈದು ನಿಮಿಷ ಒಳಗೆ ಬಿಡುತ್ತಿದ್ದರು. ಉಳಿದ ಹೊತ್ತು ಕಾರಿಡಾರ್‌ನಲ್ಲಿ ಚಾಪೆ. ಅಲ್ಲಿ ತಲೆಗೆ ಪೆಟ್ಟಾದವರ ಕಡೆಯವರು ಒಂಬತ್ತು ಮನೆಯವರು ಇದ್ದೆವು. ಏಳು ಜನ ಬೈಕಿನವರು. ಒಬ್ಬರು ತೆಂಗಿನ ಮರದಿಂದ ಬಿದ್ದಿದ್ದರು. ಒಂದು ನಾಲ್ಕು ವರ್ಷದ ಮಗು, ತಡೆಗೋಡೆ ಇಲ್ಲದ ಮಾಳಿಗೆಯಿಂದ ಬಿದ್ದಿತ್ತು. ಎಲ್ಲರೂ ಕೂಲಿ, ಸಣ್ಣ ಅಂಗಡಿ, ಸಣ್ಣ ಜಮೀನಿನವರು.

ಆ ಕಾರಿಡಾರ್ ನನ್ನನ್ನು ಓದುವ ಹಾಗೆ ಮಾಡಿತು. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6.9 ಕೋಟಿ ಜನರ ಮೆದುಳಿಗೆ ಪೆಟ್ಟಾಗುತ್ತದೆ ಅಂತ ಒಂದು ಅಂದಾಜಿದೆ. ಇದರ ದೊಡ್ಡ ಪಾಲು ನಮ್ಮಂಥ ಕಡಿಮೆ ಆದಾಯದ, ಮಧ್ಯಮ ಆದಾಯದ ದೇಶಗಳದ್ದು. ಕಾರಣ ನಮ್ಮ ಕಣ್ಣ ಮುಂದೇ ಇದೆ. ರಸ್ತೆ ಬಂತು, ಸಾಲದ ಮೇಲೆ ಬೈಕ್ ಬಂತು, ಆದರೆ ರಸ್ತೆಗೆ ದೀಪ, ಟ್ರೈಲರ್‌ಗೆ ರಿಫ್ಲೆಕ್ಟರ್, ರಾತ್ರಿ ಹೊತ್ತು ಸರ್ಜನ್ ಅದೇ ವೇಗದಲ್ಲಿ ಬರಲಿಲ್ಲ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491. ಅದರಲ್ಲಿ ಹೆಲ್ಮೆಟ್ ಹಾಕದ ಬೈಕ್ ಸವಾರರು ಮತ್ತು ಹಿಂದೆ ಕೂತವರು 50,029. ಹೆಲ್ಮೆಟ್ ಹಾಕಿದರೆ ತಲೆಗೆ ಪೆಟ್ಟಾಗುವ ಸಾಧ್ಯತೆ ಸುಮಾರು ಶೇ 69ರಷ್ಟು ಕಮ್ಮಿ. ಇವು ಸತ್ತವರ ಲೆಕ್ಕ. ನನ್ನ ತಮ್ಮನ ಹಾಗೆ ಬದುಕಿ, ಮೊದಲಿನಂತೆ ಇಲ್ಲದವರ ಲೆಕ್ಕ ಇದರಲ್ಲಿ ಸೇರಿಲ್ಲ.

ದುಡ್ಡಿನ ವಿಷಯ. ಮೊದಲ ರಾತ್ರಿಯೇ 40,000 ಡೆಪಾಸಿಟ್. ಅಮ್ಮನ ಬಿಪಿಎಲ್ ಕಾರ್ಡ್ ಇದೆ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಗುತ್ತದೆ ಅಂದುಕೊಂಡಿದ್ದೆವು. ಬೆಳಗ್ಗೆ ಆಸ್ಪತ್ರೆಯಲ್ಲಿ ಈ ಯೋಜನೆ ನೋಡಿಕೊಳ್ಳುವ ಆರೋಗ್ಯ ಮಿತ್ರ ಕೌಂಟರ್‌ನಲ್ಲಿ ನೋಡಿದರೆ ಕಾರ್ಡಿನಲ್ಲಿ ತಮ್ಮನ ಹೆಸರೇ ಇಲ್ಲ. ಮದುವೆಯಾದ ಮೇಲೆ ಬೇರೆ ಕಾರ್ಡ್ ಮಾಡಿಸಲು ಹೆಸರು ತೆಗೆಸಿದ್ದ, ಹೊಸ ಕಾರ್ಡ್ ಇನ್ನೂ ಬಂದಿರಲಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಉಳಿದವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದವರೆಗೆ. ನಮಗೆ ಸಿಕ್ಕಿದ್ದು ಎರಡನೆಯದು. ಒಟ್ಟು ಕೈಯಿಂದ ಹೋಗಿದ್ದು ಸುಮಾರು 5.9 ಲಕ್ಷ. ನನ್ನ ಚಿನ್ನ, ಸೊಸೈಟಿ ಸಾಲ, ಅಮ್ಮನ ಎರಡು ಹಸು. ನಿಮ್ಮ ಮನೆಯ ಪ್ರತಿಯೊಬ್ಬರ ಹೆಸರೂ ಈಗ ಯಾವ ಕಾರ್ಡಿನಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ.

2025ರ ಮೇ ತಿಂಗಳಿಂದ ಇನ್ನೊಂದು ದಾರಿ ಆಗಿದೆ. ರಸ್ತೆ ಅಪಘಾತದ ಗಾಯಾಳುವಿಗೆ, ಅಪಘಾತವಾದ ದಿನದಿಂದ ಏಳು ದಿನ, 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಕೊಡಬೇಕು ಅಂತ ಕೇಂದ್ರದ ಯೋಜನೆ. ನಮ್ಮ ಕಾಲಕ್ಕೆ ಇದು ಇರಲಿಲ್ಲ. ನೀವು ಈ ಯೋಜನೆಯನ್ನು ಬಾಯಿಬಿಟ್ಟು ಕೇಳಿ.

ಇಪ್ಪತ್ತೇಳನೇ ದಿನ ಮನೆಗೆ ಬಂದೆವು. ಡಿಸ್ಚಾರ್ಜ್ ಅಂದರೆ ಮುಗಿಯಿತು ಅಂದುಕೊಂಡಿದ್ದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಮೂಗಿನ ಕೊಳವೆಯಲ್ಲಿ ಗಂಜಿ. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಿಸುವಂತಿಲ್ಲ (ಜನೌಷಧಿಯಲ್ಲಿ ತುಂಬಾ ಕಮ್ಮಿ ಬೆಲೆಗೆ ಸಿಗುತ್ತದೆ, ಇದು ನಮಗೆ ಮೂರು ತಿಂಗಳ ಮೇಲೆ ಗೊತ್ತಾಯಿತು). ತಲೆಯ ಎಡಗಡೆ ಮೂಳೆ ಇಲ್ಲದೆ ಚರ್ಮ ಗುಳಿಬಿದ್ದಿತ್ತು. ಎದ್ದು ಓಡಾಡಲು ಶುರು ಮಾಡಿದಾಗ ಮನೆಯೊಳಗೂ ಅವನಿಗೆ ಹೆಲ್ಮೆಟ್ ಹಾಕುತ್ತಿದ್ದೆವು. ನಾಲ್ಕು ತಿಂಗಳಾದ ಮೇಲೆ ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವಾಪಸ್ ಕೂರಿಸಿದರು. ಕೂದಲು ಬೆಳೆಯಿತು. ಮೈ ತುಂಬಿಕೊಂಡ.

ಆಗ ಶುರುವಾಯಿತು ಆ ಮಾತು. "ನೋಡೋಕೆ ಚೆನ್ನಾಗೇ ಇದಾನಲ್ಲ. ಇನ್ನೇನು, ಕೆಲಸಕ್ಕೆ ಕಳಿಸಿ."

ಅವನು ಚೆನ್ನಾಗಿರಲಿಲ್ಲ. ಸಣ್ಣ ಮಾತಿಗೆ ತಟ್ಟೆ ಎಸೆಯುತ್ತಿದ್ದ, ಹತ್ತು ನಿಮಿಷಕ್ಕೆ ಅದನ್ನು ಮರೆಯುತ್ತಿದ್ದ. ಮಗಳು ಅತ್ತರೆ ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದ. ಅಂಗಡಿಗೆ ಹೋದವನು ಯಾಕೆ ಬಂದೆ ಅಂತ ನಿಂತುಬಿಡುತ್ತಿದ್ದ. ವೈಂಡಿಂಗ್ ಅಂದರೆ ಎಣಿಕೆಯ ಕೆಲಸ. ಒಂದೊಂದು ಕಾಯಿಲ್‌ಗೂ ಇಷ್ಟೇ ಸುತ್ತು ಅಂತ ಇರುತ್ತದೆ, ಎಣಿಕೆ ತಪ್ಪಿದರೆ ಮೋಟಾರ್ ಬಿಸಿಯಾಗುತ್ತದೆ. ಮೂವತ್ತು ದಾಟುವಷ್ಟರಲ್ಲಿ ಅವನಿಗೆ ಲೆಕ್ಕ ತಪ್ಪುತ್ತಿತ್ತು. ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಮತ್ತೆ ತಪ್ಪುತ್ತಿತ್ತು. ಇನ್ನೊಂದು ವಿಷಯ ನಮಗೆ ಗೊತ್ತಾಗಿದ್ದು ಒಲೆ ಮೇಲೆ ಹಾಲು ಸೀದುಹೋದ ದಿನ. ಅವನು ಅಲ್ಲೇ ಕೂತಿದ್ದ. ಅವನಿಗೆ ವಾಸನೆಯೇ ಬರುತ್ತಿರಲಿಲ್ಲ. ಮೋಟಾರ್ ಸುಟ್ಟಿದೆಯಾ ಅಂತ ಮೂಗಿನಿಂದಲೇ ಹೇಳುತ್ತಿದ್ದವನು ಅವನು.

ತಮ್ಮನ ಹೆಂಡತಿ ಒಂದು ರಾತ್ರಿ ನನ್ನ ಹತ್ತಿರ ಬಂದು, "ಅಕ್ಕಾ, ಇವರು ಬೇರೆ ಯಾರೋ ಅನ್ಸುತ್ತೆ" ಅಂದಳು. ಅವಳಿಗೆ ಆಗ 23. ನಾನು ಅವಳಿಗೆ ಏನೂ ಹೇಳಲಾಗಲಿಲ್ಲ. ಇಬ್ಬರೂ ಅತ್ತೆವು.

ಅವನನ್ನು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿದ್ದು ಆಗ. ಗಮನ, ನೆನಪು, ಯೋಚನೆ ಎಲ್ಲವನ್ನೂ ಕನ್ನಡದಲ್ಲೇ ಕೂರಿಸಿಕೊಂಡು ಪರೀಕ್ಷೆ ಮಾಡಿದರು, ಎರಡು ದಿನ ಹಿಡಿಯಿತು. ಅವನು ಸೋಮಾರಿಯಲ್ಲ, ಸೊಕ್ಕಿನವನಲ್ಲ, ಮೆದುಳಿನ ಮುಂಭಾಗದ ಪೆಟ್ಟು ಹೀಗೆ ಮಾಡುತ್ತದೆ ಅಂತ ಸೈಕಾಲಜಿಸ್ಟ್ ಒಬ್ಬರು ನಮ್ಮೆಲ್ಲರನ್ನೂ ಕೂರಿಸಿ ಹೇಳಿದರು. ಅಮ್ಮ ಅವತ್ತಿನಿಂದ ಅವನನ್ನು ಬೈಯುವುದು ಬಿಟ್ಟರು. ಮನೆಯಲ್ಲಿ ಮಾಡಲು ಕೆಲಸ ಕೊಟ್ಟರು. ಬೆರೆಸಿದ ಕಾಳುಗಳನ್ನು ಬೇರೆ ಮಾಡುವುದು, ಪೇಪರಿನಲ್ಲಿ ಒಂದು ಅಕ್ಷರ ಹುಡುಕಿ ಹುಡುಕಿ ಗೀಟು ಹೊಡೆಯುವುದು, ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುವುದು. ನಾವು ಹೆಸರುಕಾಳು, ಅಲಸಂದೆ, ಹುರುಳಿ ಬೆರೆಸಿ ಕೊಡುತ್ತಿದ್ದೆವು. ಮೊದಲ ದಿನ ಒಂದು ಹಿಡಿಗೆ 40 ನಿಮಿಷ. ಮೂರು ತಿಂಗಳಿಗೆ ಅದೇ ಹಿಡಿ 11 ನಿಮಿಷ. ಇದನ್ನು ಡಿಸ್ಚಾರ್ಜ್ ಆದಾಗಲೇ ಯಾರಾದರೂ ಹೇಳಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು. ನೀವು ಕೇಳಿ: "ತಲೆ ಗಾಯ ಆಯ್ತು, ಬುದ್ಧಿಗೆ ಯಾವ ಚಿಕಿತ್ಸೆ?" ಅಂತ ಬಾಯಿಬಿಟ್ಟು ಕೇಳಿ.

ಇನ್ನು ಕಾಗದಗಳು. ಅಪಘಾತ ಅಂದ ತಕ್ಷಣ ಮೊದಲ ಆಸ್ಪತ್ರೆಯಲ್ಲೇ ಎಂಎಲ್‌ಸಿ ಆಗಬೇಕು, ಅಂದರೆ ಪೊಲೀಸರಿಗೆ ತಿಳಿಸಿ ದಾಖಲು ಮಾಡುವುದು. ಏನಾಯಿತು ಅಂತ ಅವರು ಬರೆಯುವಾಗ ಪಕ್ಕದಲ್ಲಿ ನಿಂತು ಓದಿಸಿ ಕೇಳಿ. ನಮ್ಮ ಕ್ಲಿನಿಕ್ ಚೀಟಿಯಲ್ಲಿ "ಬೈಕಿನಿಂದ ಬಿದ್ದು" ಅಂತಿತ್ತು, ಟ್ರಾಕ್ಟರ್ ಸುದ್ದಿಯೇ ಇಲ್ಲ. ತಾಲ್ಲೂಕು ಆಸ್ಪತ್ರೆಯವರು ಅದನ್ನೇ ನೋಡಿ ನಕಲು ಮಾಡಿದರು. ನಾವು ಪೊಲೀಸ್ ದೂರು ಕೊಟ್ಟಿದ್ದು ಐದನೇ ದಿನ, ಐಸಿಯು ಬಾಗಿಲು ಬಿಟ್ಟು ಬರುವ ಧೈರ್ಯ ಇರಲಿಲ್ಲ. ವಿಮಾ ಕಂಪನಿ ವಕೀಲರು ಎರಡು ವರ್ಷವೂ ಹಿಡಿದಿದ್ದು ಇವೆರಡನ್ನೇ. ತಾನಾಗಿ ಬಿದ್ದವನು, ಆಮೇಲೆ ಟ್ರಾಕ್ಟರ್ ಸೇರಿಸಿದ್ದಾರೆ ಅಂತ. ಕೊನೆಗೆ ನಮ್ಮನ್ನು ಉಳಿಸಿದ್ದು ಆ ರಾತ್ರಿ ನಮ್ಮ ಸೋದರಮಾವ ಗಾಡಿ ತರಲು ಹೋದಾಗ ತೆಗೆದ ಫೋಟೋ. ಟ್ರೈಲರ್ ಹಿಂದೆ ಬೈಕು, ಟ್ರಾಕ್ಟರ್ ನಂಬರ್, ಎಲ್ಲಾ ಅದರಲ್ಲಿತ್ತು. ಮನೆಯಲ್ಲಿ ಒಬ್ಬರು ರೋಗಿಯ ಜೊತೆ ಹೋದರೆ, ಇನ್ನೊಬ್ಬರು ಜಾಗಕ್ಕೆ ಹೋಗಿ ಫೋಟೋ ತೆಗೆಯಿರಿ.

ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು ಅಂತ 2022ರಿಂದ ನಿಯಮ ಬಂದಿದೆ. ನಾವು ಐದನೇ ತಿಂಗಳಲ್ಲಿ ಹಾಕಿದೆವು. ಅಂಗವೈಕಲ್ಯದ ಪ್ರಶ್ನೆ ಬಂದಾಗ ಮತ್ತೆ ಅದೇ ಕಥೆ. ಕೈ ಇದೆ, ಕಾಲು ಇದೆ, ನಡೀತಾನೆ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಹೋದಾಗಲೂ ಹೀಗೇ ಆಗಿತ್ತು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 21 ಬಗೆಯ ಅಂಗವೈಕಲ್ಯದಲ್ಲಿ ತಲೆ ಪೆಟ್ಟು ಅಂತ ಬೇರೆ ಹೆಸರೇ ಇಲ್ಲ. ಅದರಿಂದ ಏನು ಕೆಟ್ಟಿದೆಯೋ ಆ ಹೆಸರಿನಲ್ಲಿ ಅಳೆಯಬೇಕು. ಹಾಗಾಗಿ ಆ ಎರಡು ದಿನದ ಪರೀಕ್ಷೆಯ ರಿಪೋರ್ಟ್ ನಮಗೆ ಬಂಗಾರವಾಯಿತು. ಮೈಗೆ ಎಷ್ಟು ಊನ ಅನ್ನುವುದು ಬೇರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದು ಬೇರೆ ಅಂತ ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ವಕೀಲರು ಅದನ್ನೇ ಇಟ್ಟುಕೊಂಡು ವಾದ ಮಾಡಿದರು. ವೈಂಡಿಂಗ್ ಮಾಡುವವನು ಎಣಿಸಲಾರ, ಮೂಸಲಾರ ಅಂದರೆ ಅವನ ಕೈ ಗಟ್ಟಿಯಿದ್ದು ಏನು ಪ್ರಯೋಜನ?

ನ್ಯಾಯಾಲಯ ಅವನ ಆದಾಯ ತಿಂಗಳಿಗೆ 14,000 ಅಂತ ಹಿಡಿಯಿತು. ಬಿಲ್ ಪುಸ್ತಕ, ಬ್ಯಾಂಕ್ ಖಾತೆ ಇದ್ದಿದ್ದರೆ ಜಾಸ್ತಿ ಹಿಡಿಯುತ್ತಿತ್ತು, ಅವನು ಎಲ್ಲಾ ಕೈಯಲ್ಲೇ ತೆಗೆದುಕೊಳ್ಳುತ್ತಿದ್ದ. ದುಡಿಮೆಯ ನಷ್ಟ ಶೇ 45. 26ರಿಂದ 30ರ ವಯಸ್ಸಿಗೆ ವರ್ಷದ ನಷ್ಟದ 17 ಪಟ್ಟು ಲೆಕ್ಕ. ಆಸ್ಪತ್ರೆ ಖರ್ಚೂ ಸೇರಿಸಿ, ಹೆಲ್ಮೆಟ್ ಇಲ್ಲದ್ದಕ್ಕೆ, ನಿಂತ ಗಾಡಿಗೆ ಹೋಗಿ ಹೊಡೆದದ್ದಕ್ಕೆ ಶೇ 20 ಕಳೆದು, ಸುಮಾರು 16 ಲಕ್ಷ ಮತ್ತು ಬಡ್ಡಿ. ಅರ್ಧ ಅವನ ಹೆಸರಿನಲ್ಲಿ ಠೇವಣಿ. ಉಳಿದದ್ದರಲ್ಲಿ ಸಾಲ ತೀರಿಸಿದೆವು. ಹಸು ಇನ್ನೂ ಕೊಂಡಿಲ್ಲ.

ತಮ್ಮ ಈಗ ಬೈಕ್ ಓಡಿಸುವುದಿಲ್ಲ, ಫಿಟ್ಸ್ ಮಾತ್ರೆ ಇನ್ನೂ ನಡೆಯುತ್ತಿದೆ. ಸಿಟ್ಟು ಕಮ್ಮಿಯಾಗಿದೆ. ಮಗಳು ಅವನ ಹೆಗಲು ಬಿಡುವುದಿಲ್ಲ. ಹೋದ ವಾರ ಒಂದು ಅರ್ಧ ಎಚ್‌ಪಿ ಮೋಟಾರ್ ವೈಂಡಿಂಗ್ ಮಾಡಿದ. ಪಕ್ಕದಲ್ಲಿ ಮಗಳ ಸ್ಲೇಟ್ ಇಟ್ಟುಕೊಂಡು, ಹತ್ತು ಸುತ್ತಿಗೆ ಒಂದು ಗೀಟು ಎಳೆಯುತ್ತಾ ಸುತ್ತಿದ. ಮೊದಲಾದರೆ ಅರ್ಧ ದಿನದ ಕೆಲಸ, ಈಗ ಎರಡು ದಿನ ಹಿಡಿಯಿತು. ಸ್ವಿಚ್ ಹಾಕಿದಾಗ ಮೋಟಾರ್ ತಿರುಗಿತು. ಅವನು ನನ್ನ ಕಡೆ ನೋಡಿ, "ಅಕ್ಕಾ, ಸುಟ್ಟ ವಾಸನೆ ಏನಾದ್ರೂ ಬರ್ತಿದೆಯಾ ನೋಡು" ಅಂದ.

ಬಗ್ಗಿ ಮೂಸಿದೆ. ಹೊಸ ವಾರ್ನಿಷ್ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.